ಒಳಬರುವ ನೀರು, ಹೊರಹೋಗುವ ನೀರು: ಗ್ರಾಮ ಪಂಚಾಯಿತಿಯ ಒಂದೇ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ವಾರ್ಷಿಕ ಕ್ರಿಯಾ ಯೋಜನೆ ಸಿದ್ಧವಾಗುವ ಕಾಲಕ್ಕೆ ಪ್ರತಿಯೊಂದು ವಾರ್ಡ್ ಸಭೆಯಲ್ಲಿಯೂ ಎರಡು ಬೇಡಿಕೆಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು ಕುಡಿಯುವ ನೀರು, ಎರಡನೆಯದು ಚರಂಡಿ. ಇವೆರಡೂ ಕ್ರಿಯಾ ಯೋಜನೆಯಲ್ಲಿ ಬೇರೆ ಬೇರೆ ಶೀರ್ಷಿಕೆಗಳಡಿ ಸೇರುತ್ತವೆ, ಬೇರೆ ಬೇರೆ ಅಂದಾಜು ಪಟ್ಟಿಗಳಾಗುತ್ತವೆ, ಬಹಳ ಸಲ ಬೇರೆ ಬೇರೆ ಗುತ್ತಿಗೆದಾರರಿಗೆ ಹೋಗುತ್ತವೆ. ಆದರೆ ನೆಲದೊಳಗೆ ಇಂಥ ಗಡಿ ಇರುವುದಿಲ್ಲ. ಮನೆಯ ನಲ್ಲಿಗೆ ಬಂದ ನೀರೇ ಬಚ್ಚಲಿನಿಂದ ಹೊರಹೋಗುತ್ತದೆ. ಹಾಗೆ ಹೋದ ನೀರಿಗೆ ಸರಿಯಾದ ನೆಲೆ ಕಾಣಿಸದಿದ್ದರೆ ಅದು ಒಡೆದ ಪೈಪಿನ ಮೂಲಕವೋ ಕೊಳವೆಬಾವಿಯ ಮೂಲಕವೋ ಮತ್ತೆ ಅದೇ ನಲ್ಲಿಗೆ ಮರಳುತ್ತದೆ. ಆದುದರಿಂದ ನೀರು ತರುವುದೂ ಬಳಸಿದ ನೀರನ್ನು ನಿರ್ವಹಿಸುವುದೂ ಒಂದೇ ಹೊಣೆಯ ಎರಡು ಭಾಗಗಳು ಎಂಬುದು ಈ ಉಪನ್ಯಾಸದ ಮುಖ್ಯ ಮಾತು.

ಈ ಹೊಣೆ ಕಾನೂನಿನಿಂದಲೇ ಬಂದದ್ದು. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರು, ಆರೋಗ್ಯ ಮತ್ತು ನೈರ್ಮಲ್ಯ ಎರಡೂ ಇವೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 58ನೇ ಪ್ರಕರಣವು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ಗೊತ್ತುಪಡಿಸಿದೆ.

ನೀರು ಹೆಚ್ಚಿದಾಗ ಹೆಚ್ಚುವ ಹೊರೆ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೆ ನಲ್ಲಿ ಸಂಪರ್ಕ ನೀಡಿ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿಯನ್ನು ಹೊಂದಿದೆ. ಕರ್ನಾಟಕದಲ್ಲಿ ಇದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜನರಿಗೆ ಪರಿಚಿತವಾಗಿದೆ. ಹೆಣ್ಣುಮಕ್ಕಳು ಕೊಡ ಹೊತ್ತು ನಡೆಯುತ್ತಿದ್ದ ದೂರವನ್ನು ತಗ್ಗಿಸಿದ ಈ ಕಾರ್ಯದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದರ ಇನ್ನೊಂದು ಮಗ್ಗುಲಿನ ಲೆಕ್ಕವನ್ನೂ ಪಂಚಾಯಿತಿ ಮಾಡಬೇಕು.

2,000 ಜನರಿರುವ ಒಂದು ಗ್ರಾಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಲಾ 55 ಲೀಟರಿನಂತೆ ಅಲ್ಲಿಗೆ ದಿನಕ್ಕೆ 1,10,000 ಲೀಟರ್ ನೀರು ಬರುತ್ತದೆ. ಸ್ನಾನ, ಅಡುಗೆ, ಪಾತ್ರೆ ಮತ್ತು ಬಟ್ಟೆ ತೊಳೆಯುವಿಕೆಯಿಂದ ಅದರ ಸುಮಾರು ಮೂರನೆಯ ಎರಡು ಭಾಗ ಬೂದು ನೀರಾಗಿ ಹೊರಬರುತ್ತದೆ. ಅಂದರೆ ದಿನವೊಂದಕ್ಕೆ 70 ಸಾವಿರ ಲೀಟರಿಗೂ ಹೆಚ್ಚು, 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 14 ಟ್ಯಾಂಕರ್. ಕೊಡದಲ್ಲಿ ನೀರು ತರುತ್ತಿದ್ದ ಕಾಲದಲ್ಲಿ ಮನೆಯ ಹಿತ್ತಲಿನ ಬಾಳೆಗಿಡದ ಬುಡವೇ ಇಂಗಿಸಿಕೊಳ್ಳುತ್ತಿದ್ದ ಬಚ್ಚಲು ನೀರು ಈಗ ಬೀದಿಗೆ ಹರಿಯುತ್ತಿರುವುದಕ್ಕೆ ಕಾರಣ ಜನರ ಅಶಿಸ್ತು ಮಾತ್ರವಲ್ಲ. ನೀರಿನ ಪ್ರಮಾಣವೇ ಹೆಚ್ಚಾಗಿದೆ.

ಇದಕ್ಕೆ ಉತ್ತರವಾಗಿ ಬಹುತೇಕ ಪಂಚಾಯಿತಿಗಳು ಸಿಮೆಂಟ್ ಚರಂಡಿ ನಿರ್ಮಿಸುತ್ತವೆ. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಚರಂಡಿ ನೀರನ್ನು ಸಾಗಿಸುತ್ತದೆ, ಶುದ್ಧೀಕರಿಸುವುದಿಲ್ಲ. ಒಂದು ವಾರ್ಡಿನ ಕೊಳಚೆ ಇನ್ನೊಂದು ವಾರ್ಡಿನ ಅಂಚಿಗೆ ಹೋಗಿ ನಿಂತರೆ ಅಥವಾ ಊರಿನ ಕೆರೆಗೆ ಸೇರಿದರೆ ಸಮಸ್ಯೆ ಸ್ಥಳ ಬದಲಿಸಿತೇ ವಿನಾ ಪರಿಹಾರವಾಗಲಿಲ್ಲ. ಸಾಮಾನ್ಯವಾಗಿ ಇಂಥ ನೀರು ಹೋಗಿ ನಿಲ್ಲುವುದು ಊರಿನ ತಗ್ಗಿನಲ್ಲಿ. ಅಲ್ಲಿ ಮನೆ ಮಾಡಿಕೊಂಡಿರುವವರು ಬಡವರು ಮತ್ತು ದಲಿತ ಕೇರಿಯವರು ಎಂಬುದನ್ನು ಸದಸ್ಯರು ಗಮನಿಸದೆ ಇರಲಾರರು.

ಕೊಳಚೆ ನಲ್ಲಿಗೆ ಬರುವ ಬಗೆ

2022ರಲ್ಲಿ ರಾಯಚೂರು ನಗರದಲ್ಲಿಯೂ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರು ಕುಡಿದು ಜನರು ಅಸ್ವಸ್ಥರಾಗಿ ಸಾವುಗಳು ಸಂಭವಿಸಿದ್ದನ್ನು ನಾಡು ಮರೆತಿಲ್ಲ. ಇಂಥ ಅಪಾಯದ ಹಿಂದಿರುವ ಸಾಮಾನ್ಯ ಕಾರಣವನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು.

ಗ್ರಾಮಗಳಲ್ಲಿ ನೀರು ದಿನಕ್ಕೆ ಒಂದೆರಡು ಗಂಟೆ, ಕೆಲವೆಡೆ ಎರಡು ಮೂರು ದಿನಗಳಿಗೊಮ್ಮೆ ಬರುತ್ತದೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡವಿರುವುದರಿಂದ ಸೀಳಿದ ಜಾಗದಲ್ಲಿ ನೀರು ಹೊರಚಿಮ್ಮುತ್ತದೆ. ನೀರು ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗಿ ಒತ್ತಡ ಕುಸಿಯುತ್ತದೆ. ಆಗ ಅದೇ ಸೀಳು ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಪೈಪು ಚರಂಡಿಯ ಒಳಗೋ ಪಕ್ಕದಲ್ಲೋ ಹಾದುಹೋಗಿದ್ದರೆ ಎಳೆದುಕೊಳ್ಳುವುದು ಕೊಳಚೆಯನ್ನೇ. ಮನೆಯವರು ನೇರವಾಗಿ ನಲ್ಲಿಗೆ ಮೋಟಾರು ಜೋಡಿಸಿದಾಗ ಈ ಎಳೆತ ಇನ್ನಷ್ಟು ಬಲಗೊಳ್ಳುತ್ತದೆ. ನೆಲಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿ ನಲ್ಲಿ ಇಟ್ಟುಕೊಂಡಿರುವ ಕಡೆಗಳಲ್ಲಿ ಗುಂಡಿಯಲ್ಲಿ ನಿಂತ ನೀರೇ ಪೈಪಿನೊಳಗೆ ಸೇರುತ್ತದೆ. ಊರಿನ ಟ್ಯಾಂಕಿನಲ್ಲಿ ಶುದ್ಧವಾಗಿದ್ದ ನೀರು ಕೊನೆಯ ಮನೆಯ ನಲ್ಲಿಯಲ್ಲಿ ಕೆಡುವುದು ಹೀಗೆ.

ಆದುದರಿಂದ ಚರಂಡಿಯನ್ನು ಹಾದುಹೋಗುವ ಪೈಪುಗಳನ್ನು ಪತ್ತೆಹಚ್ಚಿ ಮೇಲೆತ್ತಿಸುವುದು, ಸೋರಿಕೆಯನ್ನು ದೂರು ಬಂದ ದಿನವೇ ಸರಿಪಡಿಸುವುದು, ಗುಂಡಿ ನಲ್ಲಿಗಳನ್ನು ನೆಲದ ಮೇಲಕ್ಕೆ ತರುವುದು ಅಗ್ಗದ ಕೆಲಸಗಳು. ಹೊಸ ಘಟಕ ಸ್ಥಾಪಿಸುವುದಕ್ಕಿಂತ ಇವು ಮೊದಲು ಆಗಬೇಕು.

ಕ್ಲೋರಿನ್: ಚಿಕ್ಕ ಕೆಲಸ, ದೊಡ್ಡ ರಕ್ಷಣೆ

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ 10500ರ (2012) ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಿಸಬಾರದು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಈ ಉಳಿಕೆಯೇ ನೀರು ಪೈಪಿನಲ್ಲಿ ಸಾಗುವಾಗಿನ ಕಾವಲುಗಾರ.

ಲೆಕ್ಕ ಸರಳವಾಗಿದೆ. 50,000 ಲೀಟರ್ ಸಾಮರ್ಥ್ಯದ ಓವರ್‌ಹೆಡ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ ಒಟ್ಟು 100 ಗ್ರಾಂ ಕ್ಲೋರಿನ್ ಅಗತ್ಯ. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಅಂಶ ಶೇ. 25 ಎಂದು ಹಿಡಿದರೆ 400 ಗ್ರಾಂ ಪುಡಿ ಬೇಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ನೀರಿನ ಗುಣಕ್ಕೆ ತಕ್ಕಂತೆ ಪ್ರಮಾಣ ಹೆಚ್ಚು ಕಡಿಮೆಯಾಗುತ್ತದೆ. ಸರಿಯಾಯಿತೇ ಎಂಬುದನ್ನು ಟ್ಯಾಂಕಿನ ಬುಡದಲ್ಲಿ ಅಲ್ಲ, ಊರಿನ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರೋಸ್ಕೋಪ್ ಹಿಡಿದು ನೋಡಬೇಕು. ಅಲ್ಲಿ 0.2 ಸಿಕ್ಕರೆ ಊರಿಗೆಲ್ಲ ರಕ್ಷಣೆ ಇದೆ ಎಂದರ್ಥ. ಪುಡಿಯ ಚೀಲ ತೆರೆದಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ತಿಂಗಳುಗಟ್ಟಲೆ ತೇವದ ಕೊಠಡಿಯಲ್ಲಿ ಬಿದ್ದ ಪುಡಿ ಸುಣ್ಣಕ್ಕೆ ಸಮಾನ.

ಈ ಕೆಲಸವೆಲ್ಲ ನಿಂತಿರುವುದು ನೀರುಗಂಟಿಯ ಮೇಲೆ. ಅವರಿಗೆ ಅಳತೆಯ ಪಾತ್ರೆ, ಕೈಗವಸು, ಕ್ಲೋರೋಸ್ಕೋಪ್ ಕೊಡದೆ, ವೇತನವನ್ನು ಸಕಾಲಕ್ಕೆ ನೀಡದೆ, ಕಾಯಿಲೆ ಹರಡಿದಾಗ ಮಾತ್ರ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಜಲ ಜೀವನ್ ಮಿಷನ್ ಅಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ನೀಡಲು ಅವಕಾಶವಿದೆ. ಜಲಮೂಲಗಳ ನೀರನ್ನು ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆಗೂ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಎರಡು ಬಾರಿ ಬ್ಯಾಕ್ಟೀರಿಯಾ ಪರೀಕ್ಷೆಗೂ ಒಳಪಡಿಸಬೇಕು. ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಉಳಿಯದೆ ಗ್ರಾಮ ಸಭೆಯಲ್ಲಿ ಓದಲ್ಪಡಬೇಕು.

ಕ್ಲೋರಿನ್‌ಗೆ ಮಿತಿಯೂ ಉಂಟು. ಅದು ರೋಗಾಣುಗಳನ್ನು ಕೊಲ್ಲುತ್ತದೆ. ಫ್ಲೋರೈಡ್, ನೈಟ್ರೇಟ್, ಲವಣಗಳನ್ನು ತೆಗೆಯುವುದಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ನೀರು ಕುದಿಸಿದರೆ ಇವು ಕಡಿಮೆಯಾಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಇಂಥ ಕಡೆಗಳಿಗಾಗಿಯೇ ಆರ್‌ಒ ವಿಧಾನದ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಈ ಘಟಕಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಘಟಕವು ಒಳಗೆ ಬಂದ ನೀರಿನ ಒಂದು ಭಾಗವನ್ನು ತ್ಯಾಜ್ಯ ನೀರಾಗಿ ಹೊರಬಿಡುತ್ತದೆ. ಅರ್ಧ ಭಾಗ ಹೊರಹೋದರೆ ಅದರಲ್ಲಿ ಲವಣ ಮತ್ತು ಫ್ಲೋರೈಡ್ ಸುಮಾರು ಇಮ್ಮಡಿಯಾಗಿರುತ್ತದೆ. ಅದನ್ನು ಬತ್ತಿದ ಕೊಳವೆಬಾವಿಗೆ ಇಂಗಿಸುವುದು ಕುಡಿಯುವ ನೀರಿನ ಮೂಲವನ್ನೇ ಕೆಡಿಸಿದಂತೆ. ಎರಡನೆಯದಾಗಿ, ಆರ್‌ಒ ನೀರಿನಲ್ಲಿ ಉಳಿಕೆ ಕ್ಲೋರಿನ್ ಇರುವುದಿಲ್ಲ. ಕೊಳಕು ಕ್ಯಾನಿನಲ್ಲಿ ತುಂಬಿ ಹಲವು ದಿನ ಇಟ್ಟರೆ ಆ ನೀರೂ ಕೆಡುತ್ತದೆ.

ಬೂದು ನೀರು: ಹುಟ್ಟಿದಲ್ಲಿಯೇ ನೆಲೆ

ಬೂದು ನೀರಿನ ವಿಷಯದಲ್ಲಿ ಮೊದಲ ನಿಯಮವೆಂದರೆ ಅದನ್ನು ಹುಟ್ಟಿದ ಜಾಗದಲ್ಲಿಯೇ ಮುಗಿಸುವುದು. ಹಿತ್ತಲಿರುವ ಮನೆಗೆ ಕೈತೋಟವೇ ಉತ್ತಮ ಶುದ್ಧೀಕರಣ ಘಟಕ. ಬಾಳೆ, ಕೆಸು, ತೆಂಗು ಈ ನೀರನ್ನು ಹೀರಿ ಫಲ ಕೊಡುತ್ತವೆ. ಹಿತ್ತಲಿಲ್ಲದ ಮನೆಗೆ ಬಚ್ಚಲು ಗುಂಡಿ. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದಲ್ಲಿ ಇಂಥ ಗುಂಡಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಸದಸ್ಯರ ಅನುಭವದಲ್ಲಿಯೇ ಇದೆ. ಸುಮಾರು ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯ ತಳದಲ್ಲಿ ದಪ್ಪ ಕಲ್ಲು, ಮೇಲೆ ಮಧ್ಯಮ ಗಾತ್ರದ ಕಲ್ಲು, ಅದರ ಮೇಲೆ ಜಲ್ಲಿ ತುಂಬಿ, ನೀರು ಒಳಬರುವ ಕಡೆ ತೂತಿನ ಮಡಕೆಯಲ್ಲಿ ತೆಂಗಿನ ನಾರು ಇಟ್ಟರೆ ಜಿಡ್ಡು ಮತ್ತು ಅನ್ನದ ಅಗುಳು ಅಲ್ಲಿಯೇ ತಡೆಯುತ್ತದೆ. ಮಡಕೆಯ ನಾರನ್ನು ಆಗಾಗ ತೊಳೆಯದಿದ್ದರೆ ಜಿಡ್ಡು ಮಣ್ಣಿನ ರಂಧ್ರಗಳನ್ನು ಮುಚ್ಚಿ ಗುಂಡಿ ಉಕ್ಕುತ್ತದೆ. ಹಲವೆಡೆ ‘ಬಚ್ಚಲು ಗುಂಡಿ ಕೆಲಸ ಮಾಡುವುದಿಲ್ಲ’ ಎಂಬ ದೂರಿನ ಹಿಂದೆ ಇರುವುದು ಈ ಚಿಕ್ಕ ಲೋಪ.

ಆದರೆ ಒಂದೇ ವಿನ್ಯಾಸ ಎಲ್ಲ ನೆಲಕ್ಕೂ ಒಪ್ಪುವುದಿಲ್ಲ. ಕೆಂಪು ಮಣ್ಣು, ಮರಳು ಮಿಶ್ರಿತ ಮಣ್ಣು ನೀರನ್ನು ಸುಲಭವಾಗಿ ಇಂಗಿಸಿಕೊಳ್ಳುತ್ತವೆ. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕಂಡೊಡನೆ ಹಿಗ್ಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಕರಾವಳಿಯಲ್ಲಿ ಮಳೆಗಾಲದ ಅಂತರ್ಜಲ ಗುಂಡಿಯ ತಳಕ್ಕೇ ಏರಿಬರುತ್ತದೆ. ಒತ್ತೊತ್ತಾಗಿ ಮನೆಗಳಿರುವ ಹಳೆಯ ಊರಿನಲ್ಲಿ ಗುಂಡಿ ತೆಗೆಯಲು ಜಾಗವೇ ಇರುವುದಿಲ್ಲ. ಇಂಥ ಕಡೆ ಗುರಿ ಮುಟ್ಟಿಸಲೆಂದು ಗುಂಡಿ ತೋಡಿಸುವುದು ಹಣದ ವ್ಯರ್ಥ. ಅಲ್ಲಿ ಚರಂಡಿ ಬೇಕು, ಮತ್ತು ಚರಂಡಿಯ ಕೊನೆಯಲ್ಲಿ ಶುದ್ಧೀಕರಣ ಬೇಕು.

ಚರಂಡಿಯ ಕೊನೆಯ ವ್ಯವಸ್ಥೆಗೆ ವಿದ್ಯುತ್ ಬೇಡದ ಎರಡು ಪರಿಚಿತ ವಿಧಾನಗಳಿವೆ. ಮೊದಲನೆಯದು ಸ್ಥಿರೀಕರಣ ಕೊಳಗಳ ಸರಣಿ. ಜಾಗ ಧಾರಾಳವಾಗಿದ್ದರೆ ಮೂರು ಕೊಳಗಳಲ್ಲಿ ನೀರನ್ನು ದಿನಗಟ್ಟಲೆ ನಿಲ್ಲಿಸಿ ಮುಂದಕ್ಕೆ ಬಿಡಲಾಗುತ್ತದೆ. ಆಳವಾದ ಮೊದಲ ಕೊಳದಲ್ಲಿ ಗಷ್ಟು ಕೆಳಗಿಳಿದು ಕೊಳೆಯುತ್ತದೆ. ಎರಡನೆಯದರಲ್ಲಿ ಪಾಚಿ ಮತ್ತು ಬ್ಯಾಕ್ಟೀರಿಯಾ ಕೂಡಿ ಕಲ್ಮಷವನ್ನು ಕರಗಿಸುತ್ತವೆ. ಆಳವಿಲ್ಲದ ಮೂರನೆಯದರಲ್ಲಿ ಬಿಸಿಲು ರೋಗಾಣುಗಳನ್ನು ತಗ್ಗಿಸುತ್ತದೆ. ಎರಡನೆಯದು ಗಿಡ ನೆಟ್ಟ ಜಲ್ಲಿ ಹಾಸಿನ ವಿಧಾನ. ಮೊದಲು ತಿಳಿಗೊಳಿಸುವ ತೊಟ್ಟಿ, ಆನಂತರ ಆಪು ಹುಲ್ಲು ಅಥವಾ ಕ್ಯಾನಾ ಬೆಳೆಸಿದ ಜಲ್ಲಿಯ ಹಾಸು. ನೀರು ಜಲ್ಲಿಯ ಕೆಳಗೆ ಹರಿಯುವುದರಿಂದ ಸೊಳ್ಳೆಗೆ ಎಡೆಯಿಲ್ಲ. ಜಾಗ ಕಡಿಮೆ ಸಾಕು; ಆದರೆ ತೊಟ್ಟಿಯ ಕೆಸರನ್ನು ತೆಗೆಯುವ, ಗಿಡಗಳನ್ನು ಕತ್ತರಿಸುವ ಕೆಲಸ ತಪ್ಪಬಾರದು.

ಶುದ್ಧೀಕರಿಸಿದ ನೀರು ಎಷ್ಟು ಶುದ್ಧವಾಗಿರಬೇಕು ಎಂಬುದು ಅದರ ಬಳಕೆಯನ್ನು ಅವಲಂಬಿಸುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಬೆಂಗಳೂರಿನ ಎರಡನೇ ಹಂತದ ಶುದ್ಧೀಕರಣ ಮುಗಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಬರದ ನಾಡಿನ ಕೆರೆಗಳು ತುಂಬಿದ್ದು ಒಂದು ಕಡೆ. ಅಂತರ್ಜಲಕ್ಕೆ ಇಳಿಯುವ ನೀರಿಗೆ ಮೂರನೇ ಹಂತದ ಶುದ್ಧೀಕರಣವೂ ಬೇಕೆಂಬ ಹೋರಾಟ ಮತ್ತು ನ್ಯಾಯಾಲಯದ ಮೊಕದ್ದಮೆ ಇನ್ನೊಂದು ಕಡೆ. ಆ ಚರ್ಚೆಯಿಂದ ಗ್ರಾಮ ಪಂಚಾಯಿತಿಗಳು ಕಲಿಯಬೇಕಾದ ಪಾಠ ಸ್ಪಷ್ಟ. ಗಸಿಯನ್ನು ತೆಗೆಯುವುದು ಮೊದಲ ಹಂತ, ಕರಗಿದ ಕಲ್ಮಷವನ್ನು ಜೀವಾಣುಗಳಿಂದ ಕರಗಿಸುವುದು ಎರಡನೆಯದು, ಉಳಿದ ಪೋಷಕಾಂಶ ಮತ್ತು ರೋಗಾಣುಗಳನ್ನು ತೆಗೆಯುವುದು ಮೂರನೆಯದು. ತೋಟಕ್ಕೆ ಸಲ್ಲುವ ನೀರು ಕುಡಿಯುವ ನೀರಿನ ಬಾವಿಯ ಮೇಲ್ಭಾಗದ ಕೆರೆಗೆ ಸಲ್ಲದೆ ಇರಬಹುದು.

ಶೌಚಾಲಯದ ಗುಂಡಿ: ಕಾಣದ ಅಪಾಯ

ಶೌಚಾಲಯದ ಕಪ್ಪು ನೀರನ್ನು ಬೂದು ನೀರಿನೊಂದಿಗೆ ಎಂದೂ ಬೆರೆಸಬಾರದು. ಗ್ರಾಮೀಣ ಭಾಗಕ್ಕೆ ಅವಳಿ ಗುಂಡಿ ಶೌಚಾಲಯವೇ ಸೂಕ್ತ. ಒಂದು ಗುಂಡಿ ಬಳಕೆಯಲ್ಲಿರುವಾಗ ಇನ್ನೊಂದರ ಬಾಯಿಯನ್ನು ಮುಚ್ಚಿರಬೇಕು. ತುಂಬಿದ ಗುಂಡಿಯನ್ನು ಒಂದೂವರೆಯಿಂದ ಎರಡು ವರ್ಷ ಹಾಗೆಯೇ ಬಿಟ್ಟರೆ ಮಲವು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರಡೂ ಗುಂಡಿಗಳಿಗೆ ಏಕಕಾಲಕ್ಕೆ ಸಂಪರ್ಕ ಕೊಟ್ಟರೆ ಈ ವಿಧಾನದ ಪ್ರಯೋಜನವೇ ಇಲ್ಲವಾಗುತ್ತದೆ. ಗುಂಡಿಯು ಕೊಳವೆಬಾವಿ ಅಥವಾ ತೆರೆದ ಬಾವಿಯಿಂದ ಸಾಮಾನ್ಯವಾಗಿ ಕನಿಷ್ಠ 10 ಮೀಟರ್ ದೂರವಿರಬೇಕು. ಬಿರುಕು ಬಿಟ್ಟ ಬಂಡೆ, ಜಂಬಿಟ್ಟಿಗೆ ನೆಲ, ಮೇಲೆಯೇ ನೀರಿರುವ ಪ್ರದೇಶಗಳಲ್ಲಿ ಇನ್ನೂ ಹೆಚ್ಚು. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಏರುತ್ತಿದ್ದರೆ ಗೊಬ್ಬರದೊಂದಿಗೆ ಸುತ್ತಲಿನ ಶೌಚಗುಂಡಿಗಳ ಮೇಲೂ ಸಂಶಯಪಡಬೇಕು.

ಅನೇಕ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರಿನ ಒಂದೇ ಗುಂಡಿ ಇರುತ್ತದೆ. ತುಂಬಿದಾಗ ಸಕ್ಕಿಂಗ್ ಯಂತ್ರ ಬಂದು ಮಲತ್ಯಾಜ್ಯವನ್ನು ಎಳೆದೊಯ್ಯುತ್ತದೆ. ಅದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಪಂಚಾಯಿತಿ ಕೇಳಲೇಬೇಕು. ಹಳ್ಳಕ್ಕೋ ಕೆರೆಯಂಗಳಕ್ಕೋ ಸುರಿದರೆ ಅದೂ ಬಯಲು ಶೌಚವೇ. ಇದಕ್ಕೆ ಪರಿಹಾರವಿದೆ ಎಂಬುದನ್ನು ದೇವನಹಳ್ಳಿ ಪಟ್ಟಣ 2015ರಲ್ಲಿ ತೋರಿಸಿತು. ಅಲ್ಲಿ ಸಿಡಿಡಿ ಸೊಸೈಟಿಯ ತಾಂತ್ರಿಕ ನೆರವಿನಿಂದ ಸ್ಥಾಪಿಸಲಾದ, ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯದ ಮಲತ್ಯಾಜ್ಯ ಸಂಸ್ಕರಣಾ ಘಟಕವು ಮಲವನ್ನು ಕೊಳೆಸಿ, ಒಣಹಾಸಿನಲ್ಲಿ ಒಣಗಿಸಿ, ಹಸಿ ಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುವ ದಾರಿಯನ್ನು ತೆರೆಯಿತು. ಒಂದು ಗ್ರಾಮ ಪಂಚಾಯಿತಿಗೆ ಇಂಥ ಘಟಕ ಭಾರವೆನಿಸಬಹುದು. ಹಲವು ಪಂಚಾಯಿತಿಗಳು ಕೂಡಿ ಒಂದನ್ನು ಹೊಂದಬಹುದು, ಇಲ್ಲವೇ ಹತ್ತಿರದ ಪಟ್ಟಣದ ಘಟಕದೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು.

ಯಾವ ಕಾರಣಕ್ಕೂ ಮನುಷ್ಯರನ್ನು ಗುಂಡಿಗೆ ಇಳಿಸಬಾರದು. ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಯ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ತೊಡಗಿಸುವುದು 2013ರ ಅಧಿನಿಯಮದ ಪ್ರಕಾರ ಅಪರಾಧ. ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿ ಸ್ವಚ್ಛತೆಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ನೀಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಗುಂಡಿಯೊಳಗಿನ ವಿಷಾನಿಲ ಕೆಲವೇ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ. ಮೊದಲು ಇಳಿದವರನ್ನು ಎತ್ತಲು ಹೋದವರೂ ಮರಳುವುದಿಲ್ಲ.

ಹಣಕಾಸು

ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೇ ಹಂತದ ಮಾರ್ಗಸೂಚಿಯಲ್ಲಿ ಬೂದು ನೀರಿನ ನಿರ್ವಹಣೆಗೆ 5,000ದವರೆಗಿನ ಜನಸಂಖ್ಯೆಯ ಗ್ರಾಮಕ್ಕೆ ತಲಾ 280 ರೂಪಾಯಿ, ಅದಕ್ಕಿಂತ ದೊಡ್ಡ ಗ್ರಾಮಕ್ಕೆ ತಲಾ 660 ರೂಪಾಯಿವರೆಗೆ ನಿಗದಿಯಾಯಿತು. ಇದರ ಶೇ. 30 ಭಾಗವನ್ನು ಪಂಚಾಯಿತಿಯು ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕು. 2,000 ಜನರ ಗ್ರಾಮಕ್ಕೆ ಇದು 5,60,000 ರೂಪಾಯಿ. ಪಂಚಾಯಿತಿಯ ಪಾಲು 1,68,000 ರೂಪಾಯಿ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಯ ಅನುದಾನದಲ್ಲಿ ಶೇ. 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆ ತಲಾ ಅರ್ಧದಂತೆ ಮೀಸಲಿರಿಸಿತ್ತು. ನಿರ್ಮಾಣಕ್ಕೆ ಹೀಗೆ ಹಣ ಸಿಕ್ಕರೂ ನಿರ್ವಹಣೆಗೆ ಅದು ಸಾಲದು. ನೀರಿನ ಕರ ಸಮರ್ಪಕವಾಗಿ ವಸೂಲಾಗದ ಊರಿನಲ್ಲಿ ಸುಟ್ಟ ಮೋಟಾರೂ ಕಟ್ಟಿಕೊಂಡ ಚರಂಡಿಯೂ ಹಾಗೆಯೇ ಉಳಿಯುತ್ತವೆ.

ಮುಂದಿನ ಸಭೆಗೆ

ಪ್ರತಿ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಕೆಳಗಿನ ವಿಷಯಗಳು ಚರ್ಚೆಗೆ ಬಂದು ನಿರ್ಣಯವಾಗುವುದು ಅಪೇಕ್ಷಣೀಯ.

1. ನೀರಿನ ಪೈಪುಗಳು ಚರಂಡಿಯನ್ನು ಹಾದುಹೋಗುವ ಜಾಗಗಳನ್ನು ವಾರ್ಡುವಾರು ಪಟ್ಟಿ ಮಾಡಿ, ಮಳೆಗಾಲಕ್ಕೆ ಮುಂಚೆ ಸರಿಪಡಿಸುವುದು.

2. ಕೊನೆಯ ಮನೆಯ ನಲ್ಲಿಯಲ್ಲಿನ ಉಳಿಕೆ ಕ್ಲೋರಿನ್ ಪ್ರಮಾಣವನ್ನು ನಿತ್ಯ ವಹಿಯಲ್ಲಿ ಬರೆಸುವುದು. ಟ್ಯಾಂಕ್ ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೆ ಕಾಣುವಂತೆ ಬರೆಸುವುದು.

3. ಹೊಸ ಚರಂಡಿಯ ಅಂದಾಜು ಪಟ್ಟಿಯಲ್ಲಿ ನೀರು ಕೊನೆಗೆ ಎಲ್ಲಿ ಸೇರುತ್ತದೆ, ಅಲ್ಲಿ ಯಾವ ಶುದ್ಧೀಕರಣವಿದೆ ಎಂಬುದು ನಮೂದಾಗದಿದ್ದರೆ ಅನುಮೋದನೆ ನೀಡದಿರುವುದು.

4. ಬಚ್ಚಲು ಗುಂಡಿ ಸಾಧ್ಯವಿರುವ ಮತ್ತು ಸಾಧ್ಯವಿಲ್ಲದ ಮನೆಗಳನ್ನು ಮಣ್ಣು ಮತ್ತು ಜಾಗದ ಆಧಾರದಲ್ಲಿ ಪ್ರತ್ಯೇಕಿಸುವುದು.

5. ಸಕ್ಕಿಂಗ್ ಯಂತ್ರಗಳನ್ನು ನೋಂದಾಯಿಸಿ, ಮಲತ್ಯಾಜ್ಯ ಸುರಿಯುವ ಸ್ಥಳವನ್ನು ಗೊತ್ತುಪಡಿಸುವುದು.

ಇವುಗಳಲ್ಲಿ ಮೊದಲ ಎರಡಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಮೂರನೆಯದಕ್ಕೆ ಹಣವೇ ಬೇಕಿಲ್ಲ. ಸದಸ್ಯರ ಒಂದು ಪ್ರಶ್ನೆ ಸಾಕು. ಚರಂಡಿ ಮಂಜೂರು ಮಾಡಿಸಿದ ಸದಸ್ಯರನ್ನು ಜನ ಒಂದು ಚುನಾವಣೆಯವರೆಗೆ ನೆನೆಯಬಹುದು. ಆ ಚರಂಡಿಯ ನೀರು ಯಾರ ಮನೆಯ ಕೊಡಕ್ಕೂ ಬರದಂತೆ ನೋಡಿಕೊಂಡ ಸದಸ್ಯರ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಆದರೆ ಅಂಗನವಾಡಿಯ ಮಕ್ಕಳು ವಾಂತಿಭೇದಿಯಿಲ್ಲದೆ ಒಂದು ಮಳೆಗಾಲ ಕಳೆದರೆ ಆ ಕೆಲಸ ನಡೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.